ಈ ಒಂದು ಟ್ರಿಪ್ ಆಗಲಿ

ನವೆಂಬರ್ 11, ಬೆಳಿಗ್ಗೆ 11

ಮತ್ತೆ ವಿಶಾಖಪಟ್ಟಣದ ದುವ್ವಾಡ ರಸ್ತೆ. ನಾನು ಈ ಸ್ಟೇಷನ್ನಿಗೆ ಎಸ್‌ಐ ಆಗಿ ಬಂದ ಮೇಲೆ ಇದು ಆರನೆಯ ಸಾವು. ಖಾಸಗಿ ಬಸ್ಸು ಸ್ಕೂಟಿಗೆ ಹಿಂದಿನಿಂದ ಗುದ್ದಿದೆ. ಹಿಮಬಿಂದು, ಇಪ್ಪತ್ತನಾಲ್ಕು ವರ್ಷ. ಫ್ಯಾಕ್ಟರಿಗೆ ಹೊರಟಿದ್ದಳು.

ಡ್ರೈವರ್ ಫಣೀಂದ್ರ ಓಡಿಹೋಗಿಲ್ಲ. ಜನ ಹೊಡೆದು ತುಟಿ ಒಡೆದಿದೆ. ಒಂದೇ ಮಾತು — “ಬ್ರೇಕ್ ಲೇದು, ಮೇಡಂ. ಬ್ರೇಕ್ ಲೇದು.” ಬ್ರೇಕ್ ಇರಲಿಲ್ಲ ಅಂತ.

ಟ್ರಾಫಿಕ್ ಪೂರಾ ಜಾಮ್. ಬಸ್ಸನ್ನು ಪಕ್ಕಕ್ಕೆ ಎಳೆಸಿದೆ. ಗುದ್ದಿದ ಜಾಗದ ಅಳತೆ ತೆಗೆದದ್ದು ಆಮೇಲೆ. ತಪ್ಪು ಮಾಡಿದೆ... ಎಳೆಸಿದ ಕೂಡಲೇ ಗೊತ್ತಾಯಿತು.

ಸಂಜೆ 5

ಹೆಡ್ ಕಾನ್‌ಸ್ಟೆಬಲ್ ಸಮಾಧಾನ ಹೇಳಿದರು. “ಬಸ್ಸು ಗುದ್ದಿದ ಜಾಗದಲ್ಲೇ ನಿಂತಿತ್ತು ಅಂತ ಸ್ಕೆಚ್ ಹಾಕಿಬಿಡಿ ಮೇಡಂ. ಯಾರು ನೋಡ್ತಾರೆ?”

ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಬರೆದೆ: ವಾಹನ ಸರಿಸಿದ ನಂತರದ ಅಳತೆ.

ನವೆಂಬರ್ 14

ಮೋಟಾರು ವಾಹನ ಇನ್‌ಸ್ಪೆಕ್ಟರ್ ರಿಪೋರ್ಟ್ ಬಂತು. ಬ್ರೇಕ್ ಕೆಲಸ ಮಾಡುತ್ತಿಲ್ಲ. ಗುದ್ದುವ ಮೊದಲೇ ಕೆಟ್ಟಿತ್ತೋ, ಗುದ್ದಿ ಕೆಟ್ಟಿತೋ — ಹೇಳಲಾಗದು. ಸರ್ಕಲ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಷ್ಟೇ ಸಾಕು. “ಡ್ರೈವರ್ ಮೇಲೆ ಚಾರ್ಜ್‌ಶೀಟ್ ಹಾಕಿ ಮುಗಿಸಮ್ಮಾ.”

ಫಣೀಂದ್ರನನ್ನು ಮತ್ತೆ ಕೇಳಿದೆ.

“ಮ್ಯಾನೇಜರ್‌ಗೆ ಎರಡು ಸಲ ಹೇಳಿದೆ ಮೇಡಂ. ಓಡಿಸು, ಇಲ್ಲಾ ಕೀ ಇಟ್ಟು ಹೋಗು ಅಂದ್ರು.”

“ಗೊತ್ತಿದ್ದೂ ಓಡಿಸಿದೆಯಾ?”

ತಲೆ ತಗ್ಗಿಸಿದ. “ಓಡಿಸಿದೆ.”

ಅಪಘಾತದ ಹಿಂದಿನ ಶನಿವಾರ ಬಸ್ಸು ವಿಜಯವಾಡದ ಶೆಡ್ಡಿನಲ್ಲಿತ್ತಂತೆ.

ನವೆಂಬರ್ 18, ವಿಜಯವಾಡ

ಬೆಂಜ್ ಸರ್ಕಲ್‌ನಿಂದ ಒಳಗೆ, ಕಂಪನಿಯ ಶೆಡ್ಡು. ಮೆಕ್ಯಾನಿಕ್ ದಕ್ಷಿಣಾಮೂರ್ತಿ. ಅರವತ್ತರ ಹತ್ತಿರ. ಮೊದಲು ಏನೂ ಗೊತ್ತಿಲ್ಲ ಎಂದರು. ಆಮೇಲೆ, “ಕೆಲಸ ಹೋಗುತ್ತೆ ಅಮ್ಮಾ.” ಹೋಗುವುದಿಲ್ಲ ಎಂದು ಹೇಗೆ ಹೇಳಲಿ?

“ಆ ಹುಡುಗಿಗೆ ಎಷ್ಟು ವಯಸ್ಸು?”

ಹೇಳಿದೆ. ಕೈ ಒರೆಸಿಕೊಂಡು ಒಳಗೆ ಹೋದರು. ಜಾಬ್ ಕಾರ್ಡಿನ ಕಾರ್ಬನ್ ಪ್ರತಿ ತಂದರು. ನವೆಂಬರ್ 9. “ಬ್ರೇಕ್ ಲೈನಿಂಗ್ ಪೂರ್ತಿ ಸವೆದಿದೆ. ಗಾಡಿ ಬಿಡಬಾರದು.” ಅದರ ಕೆಳಗೆ ಬೇರೆ ಕೈಬರಹ — “ಈ ಒಂದು ಟ್ರಿಪ್ ಆಗಲಿ.” ಮ್ಯಾನೇಜರ್ ಸಹಿ.

ಪಂಚರನ್ನು ಕರೆಸಿ ಜಪ್ತಿ ಮಾಡಿದೆ. ಈ ಸಲ ಒಂದಕ್ಷರವೂ ಬಿಡದೆ ಮಹಜರು ಬರೆದೆ.

ಜುಲೈ 22, ವಿಶಾಖಪಟ್ಟಣ

ಡ್ರೈವರ್, ಮ್ಯಾನೇಜರ್, ಮಾಲೀಕ — ಮೂವರ ಮೇಲೂ ಕೇಸು. ಎಂಟು ತಿಂಗಳ ಮೇಲೆ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಾನು. ಕಂಪನಿ ವಕೀಲರು ನೇರ ಸ್ಕೆಚ್ಚಿನ ವಿಷಯಕ್ಕೇ ಬಂದರು.

“ಬಸ್ಸು ಸರಿಸಿದ ಮೇಲೆ ಸ್ಕೆಚ್ ಹಾಕಿದ್ದು. ಹೌದೋ ಅಲ್ಲವೋ?”

“ಹೌದು.”

“ಅಂದರೆ ತನಿಖೆಯಲ್ಲಿ ಲೋಪವಿದೆ.”

“ಇದೆ. ಅದನ್ನು ಅವತ್ತೇ ಬರೆದಿಟ್ಟಿದ್ದೇನೆ.”

ನ್ಯಾಯಾಧೀಶರು ಸ್ಕೆಚ್ ತರಿಸಿ ನೋಡಿದರು.

ದಕ್ಷಿಣಾಮೂರ್ತಿಯ ಹೆಸರು ಕೂಗಿದರು. ಇಲ್ಲ. ಮತ್ತೆ ಕೂಗಿದರು. ಇಲ್ಲ. ಫೋನ್ ಸ್ವಿಚ್ ಆಫ್. ಮುಗಿಯಿತು ಅಂದುಕೊಂಡೆ.

ಊಟದ ವಿರಾಮ ಮುಗಿಯುವಾಗ ಬಂದರು, ಹೆಗಲಲ್ಲಿ ಚೀಲ. ಕೆಲಸ ಬಿಡಿಸಿದ್ದಾರೆ ಎಂದಷ್ಟೇ ಹೇಳಿದರು. ಕಟಕಟೆಯಲ್ಲಿ ಮಾತು ಬದಲಾಗಲಿಲ್ಲ.

ಆಗಸ್ಟ್ 29

ತೀರ್ಪು. ಮ್ಯಾನೇಜರ್‌ಗೆ ಶಿಕ್ಷೆ. ಫಣೀಂದ್ರನಿಗೂ, ಸ್ವಲ್ಪ ಕಡಿಮೆ. ಮಾಲೀಕನ ಸಹಿ ಯಾವ ಕಾಗದದಲ್ಲೂ ಇಲ್ಲ — ಬಿಡುಗಡೆ.

ಹೊರಗೆ ಹಿಮಬಿಂದುವಿನ ತಾಯಿ ದುರ್ಗಾಂಬ ನಿಂತಿದ್ದರು. ಕೈ ಮುಗಿಯುತ್ತಾರೆ ಅಂದುಕೊಂಡೆ. ಮುಗಿಯಲಿಲ್ಲ.

“ಆ ಡ್ರೈವರ್‌ಗೆ ಮಕ್ಕಳಿದ್ದಾರಾ ಅಮ್ಮಾ?”

“ಇಬ್ಬರು.”

“ಅವತ್ತು ಕೀ ಇಟ್ಟು ಹೋಗಿಬಿಟ್ಟಿದ್ರೆ, ಅವನ ಮನೆಯಲ್ಲಿ ಒಲೆ ಉರೀತಿತ್ತಾ?”

“ಕೆಲವು ದಿನ ಉರೀತಿರಲಿಲ್ಲ ಅಮ್ಮಾ,” ಅಂದೆ. “ಹಿಮಬಿಂದು ಇರ್ತಿದ್ದಳು.”