ಚಿಕ್ಕವ್ವ ತುಂಬಿದ ಮಡಿಲು

ಭಾನುವಾರ, ಜೂನ್ ೧೪. ಗೂಳೂರು.

ನಾನು ನಿಂತಿರುವ ಪಂಚಾಯಿತಿ ಚುನಾವಣೆಗೆ ಇನ್ನೆರಡೇ ದಿನ. ಗೆಲ್ಲುವ ಆಸೆ ಇವತ್ತಿಗೆ ಹೋಯಿತು. ಅದು ಹಾಳಾಗಿ ಹೋಗಲಿ.

ಪ್ರಚಾರಕ್ಕೆಂದು ನಾನು ಹಾಕಿದ್ದ ವಿಡಿಯೋಗಳಿಂದ ಯಾರೋ ಪಾಪಿಗಳು ನನ್ನ ದನಿ ಕದ್ದು, ಎಐಯಲ್ಲಿ ಒಂದು ಆಡಿಯೋ ಮಾಡಿಸಿ, ಊರಿನ ವಾಟ್ಸಾಪ್ ಗ್ರೂಪಿಗೆಲ್ಲ ಬಿಟ್ಟಿದ್ದಾರೆ. “ಓಟಿಗೋಸ್ಕರ ಕಾಲೋನಿಯೋರ ಮನೇಲಿ ನೀರು ಕುಡ್ದೆ ಕಣೇ. ಮನೆಗ್ ಬಂದು ತಲೆಗೆ ಸ್ನಾನ ಮಾಡ್ದೆ,” ಅಂತ ಅದರಲ್ಲಿ ನಾನು ನಗುತ್ತೇನೆ. ಆ ನಗುವೂ ಥೇಟ್ ನನ್ನದೇ. ಕೇಳಿ ಮೈಯೆಲ್ಲ ಉರಿಯಿತು.

ದಲಿತರ ಕಾಲೋನಿಯ ಚಿಕ್ಕಮಾರಮ್ಮನ ಹತ್ತಿರ ಓಡಿದೆ. ಪ್ರಚಾರದ ಮೊದಲ ದಿನ ನನ್ನನ್ನು ಮಗಳಂತೆ ಕೂರಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದ್ದವಳು. ಅವತ್ತಿನಿಂದ ನನಗವಳು ಚಿಕ್ಕವ್ವ. ಇವತ್ತು ಒಳಗೆ ಬಾ ಅನ್ನಲಿಲ್ಲ.

“ನಾ ತುಂಬಿದ ಮಡ್ಲಕ್ಕಿ ಏನ್ ಮಾಡ್ದೆ? ಎಸೆದ್ಬುಟ್ಯಾ?”

“ಅಯ್ಯೋ ಚಿಕ್ಕವ್ವ, ಅವತ್ತೇ ಪಾಯಸ ಮಾಡಿ ಮನೆಯೋರೆಲ್ಲ ಉಂಡ್ವಿ. ಅದು ನಾನಾಡಿದ ಮಾತಲ್ಲ, ಮಿಷನ್ನು ಆಡಿರೋದು.”

ಚಿಕ್ಕವ್ವನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ.

“ಅದೂ ನಿನ್ ದನೀನೇ, ಇದೂ ನಿನ್ ದನೀನೇ. ನಾನು ಯಾವ್ದನ್ನ ನಂಬ್ಲವ್ವಾ?”

ಮನೆಗೆ ಬಂದಾಗಿನಿಂದ ಬಾಯಿ ಬಿಡಲು ಭಯ. ಬಿಟ್ಟರೆ ಅದೇ ದನಿ ಬರುತ್ತದೆ. ಆಗಲೇ ಇವರು ಊಟಕ್ಕೆ ಕರೆದರು. ಬೇಡವೆಂದು ಕೈಯಾಡಿಸಿದೆ.