ಗೊರ್ರೆ ಅಂದರೆ ತಪ್ಪು

ಜುಲೈ 8, ಸಂಜೆ

ಮೊಳಕಾಲ್ಮೂರಿಂದ ಚಳ್ಳಕೆರೆವರೆಗೂ ಬಸ್ಸಲ್ಲಿ ನಿಂತೇ ಬಂದೆ. ಕಾಲುನೋವಿಗಿಂತ ತಲೆಬಿಸಿ ಜಾಸ್ತಿ.

ಇವತ್ತು ನಮ್ಮ ಸಂಶೋಧನೆಯ ಟೆಸ್ಟ್, ಹಟ್ಟಿ ಅಂಗನವಾಡಿಯಲ್ಲಿ. ಚಿತ್ರ ತೋರಿಸಿ ಚಿಕ್ಕ ಮಕ್ಕಳ ಬುದ್ಧಿ ಎಷ್ಟು ಬೆಳೆದಿದೆ ಅಂತ ನೋಡೋದು ನನ್ನ ಕೆಲಸ. ಕುರಿ ಕಾಯೋ ಜೋಗಮ್ಮನ ಮಗಳು ಬೊಮ್ಮಕ್ಕ, ನಾಲ್ಕೂವರೆ ವರ್ಷ. ಕುರಿ ಚಿತ್ರ ತೋರಿಸಿ ಇದೇನವ್ವ ಅಂದೆ. "ಗೊರ್ರೆ." ನಾಯಿ ತೋರಿಸಿದೆ. "ಕುಕ್ಕ." ಮಳೆಗೆ "ವಾನ". ಎಲ್ಲಾ ಸರಿ. ಮನೆಮಾತು ತೆಲುಗು, ಇನ್ನೇನಂತಾಳೆ? ಆಮೇಲೆ ಕಳೆದುಹೋದ ಕುರಿಮರಿ ಸಿಕ್ಕಿದ ಕಥೆ ಬೇರೆ ತಾನಾಗೇ ಹೇಳಿದ್ಲು, ಕೈ ತಿರುಗಿಸ್ಕೊಂಡು, ಕಣ್ಣರಳಿಸ್ಕೊಂಡು. ನಮ್ಮಜ್ಜಿ ತೆಲುಗಿನೋಳು. ಪೂರ್ತಿ ಅರ್ಥ ಆಯ್ತು.

ಟ್ಯಾಬ್‌ನಲ್ಲಿ ಕನ್ನಡ ಉತ್ತರಕ್ಕೆ ಮಾತ್ರ ಮಾರ್ಕು. ಸೂಪರ್‌ವೈಸರ್ ಚಂದ್ರಶೇಖರ್ ಪಕ್ಕದಲ್ಲೇ ಇದ್ರು. "ತಪ್ಪು ಅಂತ ಒತ್ತಿ, ವನಜಾಕ್ಷಿ. ರೂಲ್ಸ್ ಅಂದ್ರೆ ರೂಲ್ಸ್."

ಒತ್ತಿದೆ. ಸೊನ್ನೆ.

ಜುಲೈ 9

ಆಫೀಸಲ್ಲಿ ಕೇಳೇಬಿಟ್ಟೆ. "ಸರ್, ನಾವು ನೋಡ್ತಿರೋದು ಬುದ್ಧಿನಾ, ಕನ್ನಡನಾ?"

ಚಂದ್ರಶೇಖರ್ ನಕ್ಕರು. "ಒಂದೊಂದು ಮಗುಗೆ ಒಂದೊಂದು ರೂಲ್ ಮಾಡಿದ್ರೆ ಅದು ಸಂಶೋಧನೆ ಆಗಲ್ಲಮ್ಮ."

ಆ ನಗು ನೋಡಿ ಮೈಯೆಲ್ಲ ಉರಿದುಹೋಯ್ತು.

ಆಗಸ್ಟ್ 2

ಜೋಗಮ್ಮ ಸಂತೆಯಲ್ಲಿ ಸಿಕ್ಕಿದ್ಲು. ಮುಖ ತಿರುಗಿಸಿದ್ಲು. ಬಿಡಲಿಲ್ಲ, ಹಿಂದೆ ಹೋಗಿ ಕೇಳಿದೆ.

"ಏನಂತ ಹೇಳ್ಲಿ ಮೇಡಂ? ನಿಮ್ಮ ಆಫೀಸಿಂದ ರಿಸಲ್ಟ್ ಬಂದೈತೆ ಅಂತ ಅಂಗನವಾಡಿ ಟೀಚರ್ ಎಲ್ರ ಮುಂದೆ ಅಂದ್ರು. ನಿನ್ ಮಗಳಿಗೆ ಬುದ್ಧಿ ಬೆಳೆದಿಲ್ಲ, ಮನೇಲಿ ನೀನು ಮಾತೇ ಆಡ್ಸಲ್ಲ ಅಂತ. ನಾನು ಆಡ್ಸಲ್ವಾ? ಅವಳ ಬಾಯಿ ಮುಚ್ಸೋಕೇ ಆಗಲ್ಲ ನಂಗೆ."

ಹಟ್ಟಿ ಹುಡುಗ್ರು ಬೊಮ್ಮಕ್ಕನ್ನ ಪೆದ್ದಿ ಅಂತ ಕರೀತಾರಂತೆ. ಅಂಗನವಾಡಿ ಬಿಡಿಸಿದಾಳೆ.

ಮಗುವಿನ ರಿಸಲ್ಟ್ ಯಾರಿಗೂ ಹೇಳಬಾರದು ಅನ್ನೋದೂ ರೂಲ್ಸೇ. ಅದೊಂದು ಮಾತ್ರ ಯಾರಿಗೂ ನೆನಪಿಲ್ಲ.

ಆಗಸ್ಟ್ 20

ಮೊಳಕಾಲ್ಮೂರಲ್ಲಿ ಮೀಟಿಂಗ್. ಗೋಡೆ ಮೇಲೆ ಸ್ಲೈಡು: "ಹಟ್ಟಿಗಳಲ್ಲಿ ತಾಯಂದಿರು ಮಕ್ಕಳೊಡನೆ ಮಾತಾಡುವುದು ಕಡಿಮೆ."

ಎದ್ದು ನಿಂತೆ. "ಇದು ಸುಳ್ಳು. ಅವರು ಮಾತಾಡ್ತಾರೆ. ನಾವು ಕೇಳಿಸ್ಕೊಂಡಿಲ್ಲ."

ಚಂದ್ರಶೇಖರ್ ಕೂತ್ಕೊಳಿ ಅಂದ್ರು. ಕೂರಲಿಲ್ಲ. ಗೊರ್ರೆ, ಕುಕ್ಕ, ವಾನ, ಪೆದ್ದಿ ಅನ್ನೋ ಹೆಸರು — ಎಲ್ಲಾ ಹೇಳಿದೆ. ಬೆಂಗಳೂರಿಂದ ಬಂದಿದ್ದ ದೊಡ್ಡ ಮೇಡಂ ಪೂರ್ತಿ ಕೇಳಿದ್ರು. "ಆ ಹಟ್ಟಿಗಳಲ್ಲಿ ತೆಲುಗಲ್ಲೇ ಮತ್ತೆ ಟೆಸ್ಟ್ ಮಾಡಿ."

ಹೊರಗೆ ಬಂದ್ಮೇಲೆ ಚಂದ್ರಶೇಖರ್: "ಇದು ಮುಗಿದ್ಮೇಲೆ ಬೇರೆ ಕೆಲಸ ನೋಡ್ಕೊಳಿ."

ನೋಡ್ಕೋತೀನಿ. ಗೆದ್ದೆನಲ್ಲ.

ಆಗಸ್ಟ್ 23

ತೆಲುಗು ಟೆಸ್ಟ್‌ಗೆ ಬೆಳಿಗ್ಗೆನೇ ಹಟ್ಟಿಗೆ ಹೋದೆ. ಜೋಗಮ್ಮ ತುಂಬಾ ಹೊತ್ತು ಬಾಗಿಲಿಂದ ಸರಿಯಲಿಲ್ಲ. ಆಮೇಲೆ ಚಾಪೆ ಹಾಸಿದ್ಲು. ಬೊಮ್ಮಕ್ಕ ಅವ್ವನ ಸೀರೆ ಹಿಂದೆ.

ಕುರಿ ಚಿತ್ರ ಮುಂದಿಟ್ಟು ತೆಲುಗಲ್ಲೇ ಕೇಳಿದೆ, ಇದೇನು ಪಾಪ ಅಂತ. ಸೆರಗಲ್ಲಿ ಮುಖ ಮುಚ್ಕೊಂಡ್ಲು. ನಾಯಿ ಚಿತ್ರಕ್ಕೂ ಅಷ್ಟೇ. ಹೇಳೇ, ನಿಂಗೆ ಗೊತ್ತಲ್ಲ ಅಂತ ಜೋಗಮ್ಮ ಗೋಗರೆದ್ಲು. ಕೊನೆಗೆ ಬೊಮ್ಮಕ್ಕ ನೆಲ ನೋಡ್ಕೊಂಡು ಬಾಯಿ ಬಿಟ್ಲು —

"ನಾಕೇಮೀ ರಾದು."

ನನಗೇನೂ ಬರಲ್ಲ ಅಂತ.

ದೊಡ್ಡಿ ತುಂಬ ಕುರಿ ಅರಚ್ತಿದ್ವು. ಜೋಗಮ್ಮ ನನ್ನ ಮುಖಾನೇ ನೋಡ್ತಿದ್ಲು. ಟ್ಯಾಬ್ ಕೇಳ್ತಿತ್ತು, ಸರಿನಾ ತಪ್ಪಾ ಒತ್ತು ಅಂತ. ನಾನು ಯಾವುದನ್ನೂ ಒತ್ತದೆ ಟ್ಯಾಬ್ ಆರಿಸಿದೆ; ಅವಳಿಗೆ ಈ ಮಾತು ಕಲಿಸಿದ್ದು ನಾನವತ್ತು ಒತ್ತಿದ ಆ ತಪ್ಪೇ.