ನಲವತ್ತು ಕಿಲೋಮೀಟರ್ ಕಡಿಮೆ

ನವೆಂಬರ್ ೧೪, ಮಂಗಳವಾರ

ಲಾರಿ ಓಡಿಸುವ ಆ ಮೀಸೆಯವನ ಮೇಲಿನ ಅನುಮಾನ ಹೋಗುತ್ತಿಲ್ಲ. ನಮ್ಮ ಸೈನ್ಯ ದಿನಾ ಮುಂದೆ ಹೋಗುತ್ತಿದೆ ಎನ್ನುತ್ತದೆ ರೇಡಿಯೊ. ಅಲ್ಲಿಗೆ ಬ್ರೆಡ್ಡು, ಡೀಸೆಲ್ ಒಯ್ಯುವ ಲಾರಿಗಳು ಓಡುವ ದೂರವೂ ದಿನಾ ಹೆಚ್ಚಬೇಕು. ಡಿಪೋ ಗೇಟಿನಲ್ಲಿ ಕೂತು ಮೀಟರ್ ನೋಡಿ ಬರೆದುಕೊಳ್ಳುವವಳು ನಾನೇ. ಮೂರು ತಿಂಗಳಿಂದ ಹೆಚ್ಚುತ್ತಲೇ ಇತ್ತು. ಇವತ್ತು ಅವನ ಲಾರಿ ನಿನ್ನೆಗಿಂತ ನಲವತ್ತು ಕಿಲೋಮೀಟರ್ ಕಡಿಮೆ ಓಡಿ ಬಂದಿದೆ. ಒಳಗೆ ನೋಡಿದರೆ ಖಾಲಿ. ಅರ್ಧ ದಾರಿಯಲ್ಲೇ ಮಾರಿ ಬಂದಿದ್ದಾನೆ, ಇನ್ನೇನು? ಅಲ್ಲಿ ಸೈನ್ಯದಲ್ಲಿ ನನ್ನ ತಮ್ಮ ಹಸಿದು ಕಾಯುತ್ತಿರುತ್ತಾನೆ. ಮೈಯೆಲ್ಲ ಉರಿದುಹೋಯಿತು.

"ಎಲ್ಲಿ ಇಳಿಸಿದೆ? ನಿಜ ಹೇಳು."

"ಕೊಡಬೇಕಾದವರಿಗೇ ಕೊಟ್ಟಿದೀನಿ ಅಕ್ಕಾ."

ನೆಲ ನೋಡುತ್ತಾ ಹೇಳಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ.

ಸಂಜೆ ಇನ್ನೆರಡು ಲಾರಿ ಬಂದವು. ಅವೂ ಅಷ್ಟೇ, ಸರಿಯಾಗಿ ನಲವತ್ತು ಕಡಿಮೆ. ಒಂದನ್ನು ಓಡಿಸುವವರು ನಮ್ಮ ದೊಡ್ಡಪ್ಪ. ಕೇಳದೆ ಒಂದು ಬಿಸ್ಕತ್ತೂ ಮುಟ್ಟುವವರಲ್ಲ. ಅವರೂ ನನ್ನ ಮುಖ ನೋಡಲಿಲ್ಲ.

ಡಿಪೋ ಸಾಹೇಬರಿಗೆ ದೂರು ಬರೆಯುತ್ತೇನೆ ಎಂದಾಗ ಮೀಸೆಯವನು ಕಿಟಕಿಯ ಹತ್ತಿರ ಬಗ್ಗಿದ. "ನಾನು ಕಳ್ಳ ಅಂತಲೇ ಬರ್ಕೊಳ್ಳಿ ಅಕ್ಕಾ. ನಿಜ ಬರೆದ್ರೆ ಮೇಲಿನವರು ನಮ್ಮಿಬ್ಬರನ್ನೂ ಬಿಡಲ್ಲ."

ಲಾರಿಗಳು ಸೈನ್ಯ ಇರುವಲ್ಲಿಗೇ ಹೋಗಿ ಬಂದಿದ್ದರೆ, ಹಿಂದಕ್ಕೆ ಬಂದದ್ದು…

ಪಕ್ಕದ ಕೋಣೆಯಲ್ಲಿ ರೇಡಿಯೊ ಹಾಕಿಕೊಂಡು ಅಮ್ಮ ಕೂಗುತ್ತಿದ್ದಾಳೆ, "ಕೇಳಿದ್ಯೇನೇ, ಇವತ್ತೂ ಮುಂದೆ ಹೋದ್ರಂತೆ! ನಿನ್ನ ತಮ್ಮ ಎಲ್ಲಿಗೆ ಮುಟ್ಟಿದ್ನೋ!"

ದೇವರೇ, ಆ ಮೀಸೆಯವನು ಕಳ್ಳನೇ ಆಗಿರಲಿ.